ಬೆಣ್ಣೆ ಅಂಗಡಿಯಿಂದ ಸೂಪರ್ ಮಾರ್ಕೆಟ್‌ವರೆಗೆ



ಹೋದ ಬೇಸಿಗೆ ರಜೆಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಕನ್ನಡ ಮಾಧ್ಯಮದಲ್ಲಿ ನಮ್ಮ ಬಳಿ ಓದಿ, ಆಮೇಲೆ ಹೊಸೂರಿನ ಒಂದು ದೊಡ್ಡ ಅಂಗಡಿಯಲ್ಲಿ ಕೆಲವು ವರ್ಷ ದುಡಿದವನು. ಕೈಯಲ್ಲಿ ಒಂದು ನಕ್ಷೆ ಇತ್ತು. "ಸಾರ್, ನಮ್ಮ ಬೇರಿಕೆಯಲ್ಲೇ ಸೂಪರ್ ಮಾರ್ಕೆಟ್ ಹಾಕಬೇಕು ಅಂತ ಇದ್ದೀನಿ. ನಡೆಯುತ್ತಾ ಸಾರ್?" ಎಂದು ಕೇಳಿದ. ನಕ್ಷೆಯಲ್ಲಿ ಎಲ್ಲವೂ ಇತ್ತು. ಗಾಜಿನ ಬಾಗಿಲು, ಆರು ಸಾಲು ರ‍್ಯಾಕು, ಎರಡು ಬಿಲ್ಲಿಂಗ್ ಕಂಪ್ಯೂಟರು, ತಳ್ಳುಗಾಡಿ ನಿಲ್ಲಿಸುವ ಜಾಗ. ದುಡ್ಡು ಎಲ್ಲಿಂದ ಎಂದು ಕೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪನ ಎರಡು ಎಕರೆ ಇದೆಯಲ್ಲ ಸಾರ್, ಅದನ್ನು ಅಡವಿಟ್ಟರೆ ಬರುತ್ತೆ" ಎಂದ.

ನಾವು ವ್ಯಾಪಾರ ಓದಿದವರಲ್ಲ. ಟಿ.ಸಿ.ಎಚ್. ಮುಗಿಸಿ, ಕೆಲಸಕ್ಕೆ ಸೇರಿದ ಮೇಲೆ ಬಿ.ಎ. ಮಾಡಿಕೊಂಡವರು. ನಮಗೆ ಗೊತ್ತಿರುವುದು ಸ್ವಲ್ಪ ಚರಿತ್ರೆ ಮಾತ್ರ. ಆದರೆ ಆ ಎರಡು ಎಕರೆಯ ಮಾತು ಕೇಳಿದ ಮೇಲೆ ಸುಮ್ಮನೆ "ಒಳ್ಳೆಯದಾಗಲಿ" ಎಂದು ಕಳಿಸಲು ಮನಸ್ಸು ಬರಲಿಲ್ಲ. "ಒಂದು ವಾರ ಬಿಟ್ಟು ಬಾ" ಎಂದೆವು. ಆ ವಾರದಲ್ಲಿ ಓದಿ, ನೆನಪಿಸಿಕೊಂಡು, ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇವೆ. ನಮ್ಮ ಗಡಿನಾಡಿನ ಶಾಲೆಗಳಲ್ಲಿ ಓದಿದ ಎಷ್ಟೋ ಮಕ್ಕಳು ಇವತ್ತು ಇದೇ ಪ್ರಶ್ನೆ ಹೊತ್ತು ತಿರುಗುತ್ತಿದ್ದಾರೆ. ಅವರಿಗೂ ಉಪಯೋಗವಾಗಲಿ ಎಂಬ ಆಸೆ.

ಶೆಟ್ಟರ ಅಂಗಡಿ

ಮೊದಲು ಹಳೆಯ ಅಂಗಡಿಯನ್ನು ನೆನಪಿಸಿಕೊಳ್ಳೋಣ. ನಾವು ಚಿಕ್ಕವರಿದ್ದಾಗ ದಿನಸಿ ಅಂಗಡಿ ಎಂದರೆ ಮುಂದೆ ಒಂದು ಮರದ ಕಟ್ಟೆ, ಅದರ ಹಿಂದೆ ಶೆಟ್ಟರು, ಅವರ ಹಿಂದೆ ಸಾಲು ಡಬ್ಬಗಳು. ಗಿರಾಕಿ ಕಟ್ಟೆಯ ಈಚೆ ನಿಲ್ಲಬೇಕು. ಬೇಕಾದ್ದನ್ನು ಬಾಯಲ್ಲಿ ಹೇಳಬೇಕು. ಶೆಟ್ಟರು ಅಳೆದೋ ತೂಗಿಯೋ, ಹಳೆಯ ಪೇಪರಿನಲ್ಲಿ ಪೊಟ್ಟಣ ಕಟ್ಟಿ, ದಾರ ಸುತ್ತಿ ಕೊಡುತ್ತಿದ್ದರು. ನಮ್ಮ ತಮಿಳು ಸ್ನೇಹಿತರು ಇಂಥ ಅಂಗಡಿಯನ್ನು 'ಮಳಿಗೈ ಕಡೈ' ಎನ್ನುತ್ತಾರೆ. ಕನ್ನಡದಲ್ಲಿ ಮಳಿಗೆ ಎಂದರೆ ಅಂಗಡಿಯೇ, ತಮಿಳಿನಲ್ಲಿ ಮಳಿಗೈ ಎಂದರೆ ಅಂಗಡಿಯೊಳಗಿನ ದಿನಸಿ! ಗಡಿಯಲ್ಲಿ ಇರುವವರಿಗೆ ಎರಡೂ ಅರ್ಥವಾಗುತ್ತದೆ, ಸಾಮಾನು ಒಂದೇ.

ಆ ಅಂಗಡಿಯ ಬಲ ಇದ್ದದ್ದು ಒಂದು ಉದ್ದನೆಯ ಪುಸ್ತಕದಲ್ಲಿ. "ಬರೆದುಕೊಳ್ಳಿ ಶೆಟ್ಟರೇ" ಎಂದರೆ ಸಾಕು, ಸಾಲ ಬರೆದುಕೊಳ್ಳುತ್ತಿದ್ದರು. ರಾಗಿ ಬಂದಾಗ, ರೇಷ್ಮೆಗೂಡು ಮಾರಿದಾಗ, ಸಂಬಳ ಬಂದಾಗ ತೀರಿಸುವುದು. ಗೋಡೆಯ ಮೇಲೆ "ಇಂದು ನಗದು, ನಾಳೆ ಸಾಲ" ಎಂಬ ಬೋರ್ಡು ನೇತಾಡುತ್ತಿದ್ದರೂ ಅದರ ಕೆಳಗೇ ಸಾಲ ಬರೆಯುವುದು ನಡೆಯುತ್ತಿತ್ತು. ಸಾಲಕ್ಕೆ ಬದಲಾಗಿ ಗಿರಾಕಿ ಬೇರೆ ಅಂಗಡಿಗೆ ಹೋಗುತ್ತಿರಲಿಲ್ಲ, ಬೆಲೆ ಕೇಳುತ್ತಿರಲಿಲ್ಲ, ತೂಕದಲ್ಲಿ ಸ್ವಲ್ಪ ಹೆಚ್ಚುಕಡಿಮೆ ಆದರೂ ಬಾಯಿ ತೆರೆಯುತ್ತಿರಲಿಲ್ಲ. ಇದರಲ್ಲಿ ದಯೆಯೂ ಇತ್ತು, ಸಂಕೋಲೆಯೂ ಇತ್ತು.

ಕಟ್ಟೆ ಒಡೆದವರು

ಈ ಸಂಕೋಲೆ ನಮ್ಮಲ್ಲಿ ಮಾತ್ರ ಇರಲಿಲ್ಲ. ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಊರಿನಲ್ಲಿ 1844ರ ಡಿಸೆಂಬರ್ 21ರಂದು ಅನೇಕ ನೇಕಾರರಿದ್ದ 28 ಜನರ ಒಂದು ಗುಂಪು ತಮ್ಮದೇ ಅಂಗಡಿ ತೆರೆಯಿತು. ಬೆಣ್ಣೆ, ಸಕ್ಕರೆ, ಹಿಟ್ಟು, ಮೇಣದ ಬತ್ತಿ, ಹೀಗೆ ಕೆಲವೇ ಸರಕು. ಕಲಬೆರಕೆ ಇಲ್ಲ, ತೂಕದಲ್ಲಿ ಮೋಸ ಇಲ್ಲ, ಆದರೆ ಸಾಲವೂ ಇಲ್ಲ. ಲಾಭವನ್ನು ಕೊಂಡವರಿಗೇ ಹಂಚುವುದು. ಜಗತ್ತಿನ ಗ್ರಾಹಕ ಸಹಕಾರ ಚಳವಳಿಗೆ ಅದು ಮಾದರಿಯಾಯಿತು.

ಆದರೆ ಅಂಗಡಿಯ ಮುಂದಿನ ಕಟ್ಟೆಯನ್ನೇ ತೆಗೆದು "ಒಳಗೆ ಬನ್ನಿ, ನೀವೇ ಆರಿಸಿಕೊಳ್ಳಿ" ಎಂದವನು ಅಮೆರಿಕದ ಕ್ಲಾರೆನ್ಸ್ ಸಾಂಡರ್ಸ್. 1916ರಲ್ಲಿ ಮೆಂಫಿಸ್ ನಗರದಲ್ಲಿ ಪಿಗ್ಲಿ ವಿಗ್ಲಿ ಎಂಬ ತಮಾಷೆಯ ಹೆಸರಿನ ಅಂಗಡಿ ತೆರೆದ. ಸಾಮಾನು ತೆಗೆದುಕೊಡುವ ಆಳುಗಳ ಖರ್ಚು ಉಳಿಯಿತು, ಬೆಲೆ ಇಳಿಯಿತು. 1930ರಲ್ಲಿ ಮೈಕೆಲ್ ಕಲ್ಲೆನ್ ಎಂಬುವವರು ನ್ಯೂಯಾರ್ಕಿನಲ್ಲಿ ಒಂದು ಹಳೆಯ ಗ್ಯಾರೇಜಿನೊಳಗೆ ಕಿಂಗ್ ಕಲ್ಲೆನ್ ಎಂಬ ಅಂಗಡಿ ಹಾಕಿದರು. ಬಾಡಿಗೆ ಕಡಿಮೆ, ಅಲಂಕಾರ ಕಡಿಮೆ, ಸರಕು ರಾಶಿ ರಾಶಿ. ಅದು ಆರ್ಥಿಕ ಮುಗ್ಗಟ್ಟಿನ ಕಾಲ, ಜನ ಒಂದೊಂದು ಕಾಸಿಗೂ ಲೆಕ್ಕ ಹಾಕುತ್ತಿದ್ದ ಕಾಲ. ಸೂಪರ್ ಮಾರ್ಕೆಟ್ ಹುಟ್ಟಿದ್ದು ಶ್ರೀಮಂತರ ಶೋಕಿಗಲ್ಲ, ಬಡತನದ ದಿನಗಳಲ್ಲಿ ಅಗ್ಗದ ಬೆಲೆಗಾಗಿ. ಈ ಮಾತನ್ನು ನಮ್ಮ ಹುಡುಗರು ಮರೆಯಬಾರದು. ಗಾಜಿನ ಬಾಗಿಲು ಬಂದದ್ದು ಆಮೇಲೆ.

ಹಾಗಾದರೆ ಬಡ ದೇಶದಲ್ಲಿ ಇದು ಸುಲಭವಾಗಿ ನಡೆಯಬೇಕಲ್ಲವೇ? ಅಮೆರಿಕದ ಭಾರೀ ಶ್ರೀಮಂತ ನೆಲ್ಸನ್ ರಾಕ್‌ಫೆಲ್ಲರ್ ಅವರಿಗೂ ಹೀಗೇ ಅನ್ನಿಸಿತು. 1947ರಲ್ಲಿ ಒಂದು ಕಂಪನಿ ಕಟ್ಟಿ, 1949ರಲ್ಲಿ ದಕ್ಷಿಣ ಅಮೆರಿಕದ ವೆನೆಜುವೆಲಾದಲ್ಲಿ ಸೂಪರ್ ಮಾರ್ಕೆಟ್ ಆರಂಭಿಸಿದರು. ಕಟ್ಟಡ ಎದ್ದಿತು, ರ‍್ಯಾಕು ಬಂದವು. ಆದರೆ ರ‍್ಯಾಕಿನಲ್ಲಿ ಇಡಲು ಒಂದೇ ಗುಣಮಟ್ಟದ, ಒಂದೇ ಅಳತೆಯ, ದಿನವೂ ತಪ್ಪದೆ ಬರುವ ಸರಕು ಆ ದೇಶದಲ್ಲಿ ಸಾಕಷ್ಟು ಸಿಗಲಿಲ್ಲ. ಮೊದಲಿಗೆ ಬಹಳಷ್ಟು ಸಾಮಾನನ್ನು ಹೊರದೇಶದಿಂದಲೇ ತರಿಸಬೇಕಾಯಿತು. ಅದೇ ಕಂಪನಿ 1957ರಲ್ಲಿ ಇಟಲಿಯ ಮಿಲಾನ್ ನಗರಕ್ಕೆ ಹೋದಾಗ ಅಂಗಡಿಯ ಜೊತೆಗೆ ತನ್ನದೇ ಬೇಕರಿಯಂಥ ಏರ್ಪಾಡುಗಳನ್ನೂ ಮಾಡಿಕೊಳ್ಳಬೇಕಾಯಿತು. ಅಂದರೆ ಅಂಗಡಿ ಸುಲಭ, ಅಂಗಡಿಯ ಹಿಂದಿನ ದಾರಿ ಕಷ್ಟ. ಸರಕು ಹೊಲದಿಂದ ರ‍್ಯಾಕಿಗೆ ಬರುವ ದಾರಿ ಇಲ್ಲದಿದ್ದರೆ ರ‍್ಯಾಕು ಬರೀ ಮರದ ಹಲಗೆ!

ನಮ್ಮ ಕಡೆ: ಮೇಷ್ಟರು ತೆರೆದ ಅಂಗಡಿ

ಈಗ ನಮ್ಮ ಕಡೆಗೆ ಬರೋಣ. ಶಿಕ್ಷಕ ಬಂಧುಗಳಿಗೆ ಸಂತೋಷವಾಗುವ ಸಂಗತಿ ಒಂದಿದೆ. 1904ರಲ್ಲಿ ಮದ್ರಾಸಿನ ಟ್ರಿಪ್ಲಿಕೇನಿನಲ್ಲಿ, ಅಂದರೆ ತಿರುವಲ್ಲಿಕೇಣಿಯಲ್ಲಿ, ರಾಚ್‌ಡೇಲ್ ಮಾದರಿಯಲ್ಲಿ ಒಂದು ಸಹಕಾರಿ ಅಂಗಡಿ ಹುಟ್ಟಿತು. ಟ್ರಿಪ್ಲಿಕೇನ್ ಅರ್ಬನ್ ಕೋ-ಆಪರೇಟಿವ್ ಸೊಸೈಟಿ ಎಂದು ಹೆಸರು. ಕಟ್ಟಿದವರಲ್ಲಿ ಒಬ್ಬರು ವಿ.ಎಸ್. ಶ್ರೀನಿವಾಸ ಶಾಸ್ತ್ರಿಗಳು, ಅಲ್ಲಿನ ಹಿಂದೂ ಹೈಸ್ಕೂಲಿನ ಹೆಡ್‌ಮಾಸ್ಟರ್ ಆಗಿದ್ದವರು! ಮುಂದೆ ದೇಶದ ದೊಡ್ಡ ನಾಯಕರಾದರು. ತಿಂಗಳ ಸಂಬಳದ ಜನ ಅಕ್ಕಿ ಬೇಳೆಗಾಗಿ ಪಡುತ್ತಿದ್ದ ಪಾಡು ಅವರ ಕಣ್ಣ ಮುಂದೆಯೇ ಇತ್ತು. ಮರು ವರ್ಷ, 1905ರಲ್ಲಿ, ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ರೈತರ ಸಹಕಾರ ಸಂಘ ಕಟ್ಟಿದರು. ಒಂದು ಕಡೆ ಕೊಳ್ಳುವವರ ಸಂಘ, ಇನ್ನೊಂದು ಕಡೆ ಬೆಳೆಯುವವರ ಸಂಘ. ಇವೆರಡನ್ನೂ ಜೋಡಿಸುವ ದಾರಿ ಮಾತ್ರ ಇನ್ನೂ ಬರಬೇಕಿತ್ತು.

ಎರಡನೇ ಮಹಾಯುದ್ಧದ ಕಾಲದಲ್ಲಿ ರೇಷನ್ ಬಂತು. ಅಕ್ಕಿ ಎಷ್ಟು ಕೊಳ್ಳಬೇಕು, ಎಲ್ಲಿ ಮಾರಬೇಕು ಎಂಬುದೆಲ್ಲ ಸರ್ಕಾರದ ಕೈಯಲ್ಲಿ. ಮದ್ರಾಸ್ ರಾಜ್ಯದಲ್ಲಿ ಆಹಾರ ಧಾನ್ಯದ ಈ ನಿಯಂತ್ರಣವನ್ನು 1952ರ ಜೂನ್‌ನಲ್ಲಿ ತೆಗೆದುಹಾಕಿದವರು ಮುಖ್ಯಮಂತ್ರಿ ರಾಜಾಜಿಯವರು. ನಮ್ಮ ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದವರು ಎಂದು ನಾವು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತೇವೆ. ಆದರೆ ಶೆಟ್ಟರ ಅಂಗಡಿಯಲ್ಲಿ ಅಕ್ಕಿಯನ್ನು ಮತ್ತೆ ಮುಕ್ತವಾಗಿ ಕೊಳ್ಳುವಂತಾದದ್ದು ಅವರ ತೀರ್ಮಾನದಿಂದ ಎಂದು ಹೇಳುವುದು ಕಡಿಮೆ.

ಅಳತೆ ಒಂದಾಗದೆ ಪೊಟ್ಟಣ ಇಲ್ಲ

ಗಿರಾಕಿ ತಾನೇ ಆರಿಸಿಕೊಳ್ಳುವ ಅಂಗಡಿಗೆ ಮೊದಲು ಬೇಕಾದದ್ದು ಮೊದಲೇ ತೂಗಿ ಕಟ್ಟಿದ ಪೊಟ್ಟಣ. ಅದಕ್ಕೆ ಮೊದಲು ಬೇಕಾದದ್ದು ಎಲ್ಲ ಕಡೆ ಒಂದೇ ಅಳತೆ. ನಮ್ಮ ಹಿರಿಯರ ಕಾಲದಲ್ಲಿ ಪಾವು, ಅಚ್ಚೇರು, ಸೇರು, ಬಳ್ಳ, ಕೊಳಗ ಇದ್ದವು. ತೂಕಕ್ಕೆ ವೀಸೆ, ಮಣ ಇದ್ದವು. ಮೈಸೂರು ಸೀಮೆಯ ಸೇರೂ ಮದ್ರಾಸಿನ ಪಡಿಯೂ ಒಂದೇ ಅಲ್ಲ. ಮಾಲೂರಿನ ಕಡೆ ಅಳೆದು ತಂದದ್ದನ್ನು ಇಲ್ಲಿ ಅಳೆದರೆ ಲೆಕ್ಕವೇ ಬೇರೆ. 1956ರಲ್ಲಿ ತೂಕ ಮತ್ತು ಅಳತೆಗಳ ಕಾನೂನು ಬಂತು. 1957ರ ಏಪ್ರಿಲ್ 1ರಿಂದ ರೂಪಾಯಿಗೆ ನೂರು ಪೈಸೆ ಆಯಿತು. 1958ರಿಂದ ಹಂತ ಹಂತವಾಗಿ ಕಿಲೋಗ್ರಾಂ ಬಂತು. 1977ರಲ್ಲಿ ಪೊಟ್ಟಣದ ಸಾಮಾನಿನ ನಿಯಮಗಳು ಬಂದವು, ತೂಕ, ಬೆಲೆ, ತಯಾರಿಸಿದವರ ಹೆಸರು ಎಲ್ಲವನ್ನೂ ಪೊಟ್ಟಣದ ಮೇಲೇ ಅಚ್ಚು ಹಾಕಬೇಕಾಯಿತು. 1990ರ ಹೊತ್ತಿಗೆ ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ, ಅಂದರೆ ನಾವೆಲ್ಲ ಎಂ.ಆರ್.ಪಿ. ಎನ್ನುವುದು, ಬಂತು.

ಬಾರ್‌ಕೋಡ್ ಕಥೆಯೂ ಇದೇ. ಅಮೆರಿಕದ ಓಹಾಯೊ ರಾಜ್ಯದ ಟ್ರಾಯ್ ಎಂಬ ಊರಿನಲ್ಲಿ 1974ರ ಜೂನ್ 26ರಂದು ಒಂದು ಚೂಯಿಂಗ್ ಗಮ್ ಪೊಟ್ಟಣವನ್ನು ಮೊದಲ ಸಲ ಯಂತ್ರ ಓದಿತು. ನಮ್ಮ ದೇಶದಲ್ಲಿ ಬಾರ್‌ಕೋಡ್ ಸಂಖ್ಯೆ ಕೊಡುವ ಸಂಸ್ಥೆ ಶುರುವಾದದ್ದು 1996ರಲ್ಲಿ. ಭಾರತದಲ್ಲಿ ಪಡೆದ ಸಂಖ್ಯೆಗಳು 890 ಎಂದು ಆರಂಭವಾಗುತ್ತವೆ. ಮಕ್ಕಳ ಕೈಗೆ ಒಂದು ಬಿಸ್ಕತ್ತು ಪೊಟ್ಟಣ ಕೊಟ್ಟು ಹುಡುಕಲು ಹೇಳಿ, ತರಗತಿಯೇ ಎದ್ದು ನಿಲ್ಲುತ್ತದೆ!

ಅಂಚೆ ಹೊತ್ತವರ ಬೆಣ್ಣೆ

ಇನ್ನು ಮುಖ್ಯ ಕಥೆಗೆ ಬರೋಣ. ಇದು ನಮ್ಮ ಹೊಸೂರಿನ ಎರಡೂ ದಿಕ್ಕಿಗೆ ಸೇರಿದ ಕಥೆ. ಮುತ್ತುಸ್ವಾಮಿ ಮುದಲಿಯಾರ್ ಎಂಬುವವರು ಬ್ರಿಟಿಷರ ಕಾಲದಲ್ಲಿ ಕೊಯಮತ್ತೂರಿನಿಂದ ನೀಲಗಿರಿ ಬೆಟ್ಟದ ಕೂನೂರು, ಊಟಿಗಳಿಗೆ ಅಂಚೆ ಹೊತ್ತು ತಲುಪಿಸುತ್ತಿದ್ದರು. ಬೆಟ್ಟದ ಮೇಲಿನ ದೊರೆಗಳಿಗೆ ಏನು ಬೇಕು ಎಂಬುದು ಮನೆಮನೆಗೆ ಹೋಗುತ್ತಿದ್ದ ಅವರಿಗೆ ಗೊತ್ತಿತ್ತು. 1905ರಲ್ಲಿ ಒಬ್ಬ ಇಂಗ್ಲಿಷಿನವನ ಬೆಣ್ಣೆ ವ್ಯಾಪಾರವನ್ನು ಕೊಂಡು ಕೂನೂರಿನ ಬಳಿ ಸಣ್ಣ ಅಂಗಡಿ ಇಟ್ಟರು. ನೀಲಗಿರಿ ಡೇರಿ ಫಾರ್ಮ್ ಎಂಬ ಹೆಸರು ಹೀಗೆ ಬಂತು.

1936ರಲ್ಲಿ ಅವರ ಮಗ ಚೆನ್ನಿಯಪ್ಪನವರ ಕಾಲಕ್ಕೆ ಅಂಗಡಿ ಬೆಂಗಳೂರಿನ ದಂಡು ಪ್ರದೇಶದ ಬ್ರಿಗೇಡ್ ರಸ್ತೆಗೆ ಬಂತು. ಹಾಲು, ಬೆಣ್ಣೆ, ಆಮೇಲೆ ಬ್ರೆಡ್ಡು, ಕೇಕು. ಈರೋಡಿನಲ್ಲಿ ಅವರದೇ ಹಾಲಿನ ಕಾರ್ಖಾನೆ ಇತ್ತು. ಚೆನ್ನಿಯಪ್ಪನವರು ಅಮೆರಿಕಕ್ಕೆ ಹೋಗಿ ಅಲ್ಲಿನ ಅಂಗಡಿಗಳನ್ನು ಕಣ್ಣಾರೆ ಕಂಡು ಬಂದರು. 1971ರಲ್ಲಿ ಬ್ರಿಗೇಡ್ ರಸ್ತೆಯ ನೀಲಗಿರೀಸ್ ಸೂಪರ್ ಮಾರ್ಕೆಟ್ ಆಯಿತು. ನಮ್ಮ ದೇಶದ ಅತಿ ಹಳೆಯ ಸೂಪರ್ ಮಾರ್ಕೆಟ್‌ಗಳಲ್ಲಿ ಅದೂ ಒಂದು ಎಂದು ಹೆಸರಾಯಿತು.

ಈ ವರ್ಷಗಳನ್ನು ಇನ್ನೊಮ್ಮೆ ನೋಡಿ. 1905ರಲ್ಲಿ ಬೆಣ್ಣೆ, 1936ರಲ್ಲಿ ಬೆಂಗಳೂರು, 1971ರಲ್ಲಿ ಸೂಪರ್ ಮಾರ್ಕೆಟ್. ನಡುವೆ 66 ವರ್ಷ! ಅವರು ಮೊದಲು ಬೆಣ್ಣೆ ಎಲ್ಲಿಂದ ಬರುತ್ತದೆ, ಕೆಡದಂತೆ ಹೇಗೆ ತರಬೇಕು, ಯಾರು ಕೊಳ್ಳುತ್ತಾರೆ ಎಂಬುದನ್ನು ಕಲಿತರು. ಕಟ್ಟೆ ತೆಗೆದು ರ‍್ಯಾಕು ಇಟ್ಟದ್ದು ಕೊನೆಗೆ. ನಮ್ಮ ಹುಡುಗನ ನಕ್ಷೆಯಲ್ಲಿ ರ‍್ಯಾಕು ಮೊದಲು ಬಂದಿತ್ತು, ಬೆಣ್ಣೆಯೇ ಇರಲಿಲ್ಲ.

ಸರ್ಕಾರದ ಪ್ರಯತ್ನ

1962ರ ಚೀನಾ ಯುದ್ಧದ ಹೊತ್ತಿಗೆ ಬೆಲೆಗಳು ಏರಿದಾಗ ಕೇಂದ್ರ ಸರ್ಕಾರ ಗ್ರಾಹಕ ಸಹಕಾರಿ ಅಂಗಡಿಗಳಿಗೆ ಹಣ ಕೊಡಲು ಮುಂದಾಯಿತು. 1966ರ ಜೂನ್‌ನಲ್ಲಿ ರೂಪಾಯಿಯ ಬೆಲೆ ಇಳಿಸಿದರು. ಮರು ತಿಂಗಳೇ ದೆಹಲಿಯಲ್ಲಿ ಸೂಪರ್ ಬಜಾರ್ ತೆರೆಯಿತು. ಬೆಂಗಳೂರಿನ ಕೆಂಪೇಗೌಡ ರಸ್ತೆಯ ಜನತಾ ಬಜಾರ್ ನಮ್ಮ ತಲೆಮಾರಿನವರಿಗೆ ಚೆನ್ನಾಗಿ ನೆನಪಿದೆ. ಬೆಂಗಳೂರಿಗೆ ಹೋದರೆ ಅಲ್ಲಿ ಒಂದು ಸುತ್ತು ಹಾಕದೆ ಬರುತ್ತಿರಲಿಲ್ಲ. ತಮಿಳುನಾಡಿನಲ್ಲೂ ಕೊಯಮತ್ತೂರಿನ ಚಿಂತಾಮಣಿಯಂಥ ಸಹಕಾರಿ ಮಳಿಗೆಗಳು ಹೆಸರು ಮಾಡಿದವು. ಬೆಲೆ ಏರಿದ ಕಾಲದಲ್ಲಿ ಇವು ಜನರಿಗೆ ದೊಡ್ಡ ಆಸರೆಯಾದವು. ಆದರೆ ಕಾಲ ಬದಲಾದಾಗ ಎಲ್ಲವೂ ಉಳಿಯಲಿಲ್ಲ. ದೆಹಲಿಯ ಸೂಪರ್ ಬಜಾರ್ ನಷ್ಟದಲ್ಲಿ ಮುಳುಗಿ 2002ರಲ್ಲಿ ಮುಚ್ಚುವ ಹಂತಕ್ಕೆ ಬಂತು.

ಇವುಗಳ ನಡುವೆ ನಮಗೆ ಹತ್ತಿರದ ಒಂದು ಒಳ್ಳೆಯ ಉದಾಹರಣೆ ಹಾಪ್‌ಕಾಮ್ಸ್. 1959ರಲ್ಲಿ ತೋಟಗಾರಿಕೆ ಇಲಾಖೆಯ ಡಾ. ಎಂ.ಎಚ್. ಮರಿಗೌಡರ ಪ್ರೇರಣೆಯಿಂದ ಬೆಂಗಳೂರು ಸುತ್ತಿನ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿತು. ಆಮೇಲೆ ಎಲ್ಲ ಹಣ್ಣು ತರಕಾರಿಗೆ ಹಬ್ಬಿತು. ಇಲ್ಲಿ ಗಾಜಿನ ಬಾಗಿಲಿಲ್ಲ, ಹಸಿರು ಬಣ್ಣದ ಪುಟ್ಟ ಮಳಿಗೆಗಳು. ಆದರೆ ಹಿಂದಿನ ದಾರಿ ಇತ್ತು. ರೈತ ತಂದ, ಸಂಘ ತೂಗಿತು, ಮಳಿಗೆ ಮಾರಿತು. ನಮ್ಮ ತಮಿಳುನಾಡಿನಲ್ಲಿ 1999ರ ನವೆಂಬರ್ 14ರಂದು ಮಧುರೈಯಲ್ಲಿ ಆರಂಭವಾದ ಉಳವರ್ ಸಂದೈ, ಅಂದರೆ ರೈತರ ಸಂತೆ, ಇದೇ ಯೋಚನೆಯದು. ಹೊಸೂರಿನ ಉಳವರ್ ಸಂದೈಗೆ ಮುಂಜಾನೆ ಸೊಪ್ಪಿನ ಮೂಟೆ ಹೊತ್ತು ಹೋಗುವ ನಮ್ಮ ಮಕ್ಕಳ ತಂದೆತಾಯಿಗಳಿಗೆ ಇದನ್ನು ವಿವರಿಸಬೇಕಿಲ್ಲ.

ಬೇಗ ಬೆಳೆದವರು, ಬೇಗ ಬಿದ್ದವರು

1991ರ ಆರ್ಥಿಕ ಬದಲಾವಣೆಯ ನಂತರ ದೊಡ್ಡ ದುಡ್ಡು ಈ ಕ್ಷೇತ್ರಕ್ಕೆ ಬಂತು. 1996ರಲ್ಲಿ ಚೆನ್ನೈನಲ್ಲಿ ಫುಡ್ ವರ್ಲ್ಡ್ ಶುರುವಾಯಿತು. 1997ರಲ್ಲಿ ಚೆನ್ನೈನಲ್ಲೇ ಸುಭಿಕ್ಷಾ ಎಂಬ ಅಂಗಡಿ ಹುಟ್ಟಿತು. ಅಲಂಕಾರವಿಲ್ಲ, ಹವಾನಿಯಂತ್ರಣವಿಲ್ಲ, ಬೆಲೆ ಮಾತ್ರ ಕಡಿಮೆ. ಮಧ್ಯಮ ವರ್ಗದವರಿಗೆ ಬಹಳ ಹಿಡಿಸಿತು. ಮೊದಲ ಕೆಲವು ವರ್ಷ ತಮಿಳುನಾಡಿನೊಳಗೇ ಇದ್ದು ನಿಧಾನವಾಗಿ ಬೆಳೆಯಿತು. ಆಮೇಲೆ ಎರಡು ಮೂರು ವರ್ಷದಲ್ಲೇ ದೇಶದ ಉದ್ದಗಲಕ್ಕೂ ಹರಡಿತು. 2008ರ ಹೊತ್ತಿಗೆ ಸುಮಾರು 1600 ಅಂಗಡಿ! ಅಂಗಡಿ ತೆರೆಯಲು ಸಾಲ ತಂದಿದ್ದರು. ಆ ವರ್ಷ ಜಗತ್ತಿನಲ್ಲೆಲ್ಲ ಹಣದ ಮುಗ್ಗಟ್ಟು ಬಂದಾಗ ಕೈಯಲ್ಲಿ ನಗದು ಉಳಿಯಲಿಲ್ಲ. ಸರಕು ಕೊಟ್ಟವರಿಗೆ ಹಣ ಇಲ್ಲ, ಬಾಡಿಗೆ ಇಲ್ಲ, ಕೆಲಸದವರಿಗೆ ಸಂಬಳ ಇಲ್ಲ. 2009ರಲ್ಲಿ ಬಾಗಿಲು ಮುಚ್ಚಿತು.

2001ರಲ್ಲಿ ಆರಂಭವಾದ ಬಿಗ್ ಬಜಾರ್ ಕಥೆಯೂ ಹೆಚ್ಚು ಬೇರೆಯಲ್ಲ. ಸಾಲದ ಹೊರೆ ಬೆಳೆದು, ಕೊರೋನಾ ಕಾಲದಲ್ಲಿ ವ್ಯಾಪಾರ ನಿಂತು, 2022ರಲ್ಲಿ ಅದರ ಅನೇಕ ಅಂಗಡಿಗಳು ರಿಲಯನ್ಸ್ ಕೈಸೇರಿ ಆ ಬೋರ್ಡುಗಳು ಮರೆಯಾದವು. ಅದೇ ಸಮೂಹದ ಇನ್ನೊಂದು ಕಂಪನಿ 2014ರಲ್ಲಿ ನಮ್ಮ ನೀಲಗಿರೀಸನ್ನು ಸುಮಾರು 300 ಕೋಟಿ ರೂಪಾಯಿಗೆ ಕೊಂಡಿತ್ತು. ಬೆಣ್ಣೆ ಹೊತ್ತವರ ಮನೆತನ ಕಟ್ಟಿದ ಅಂಗಡಿ ಹೀಗೆ ಆ ಸಮೂಹದ ಕೈ ಸೇರಿತ್ತು.

ಜರ್ಮನಿಯ ಮೆಟ್ರೋ ಕಂಪನಿ 2003ರಲ್ಲಿ ಬೆಂಗಳೂರಿನಲ್ಲಿ ಸಗಟು ಮಳಿಗೆ ತೆರೆದಾಗ ವ್ಯಾಪಾರಿಗಳು ವಿರೋಧಿಸಿದರು. 2012ರಲ್ಲಿ ಕೇಂದ್ರ ಸರ್ಕಾರ ಹಲವು ಬ್ರ್ಯಾಂಡಿನ ಚಿಲ್ಲರೆ ಅಂಗಡಿಗಳಲ್ಲಿ ಶೇ. 51ರವರೆಗೆ ವಿದೇಶಿ ಬಂಡವಾಳಕ್ಕೆ ಒಪ್ಪಿಗೆ ಕೊಟ್ಟಾಗ ತಮಿಳುನಾಡು ಸರ್ಕಾರ ಒಪ್ಪಲಿಲ್ಲ. ಸಣ್ಣ ಅಂಗಡಿಗಳು ಸತ್ತೇ ಹೋಗುತ್ತವೆ ಎಂದು ಆಗ ಎಲ್ಲರೂ ಹೇಳುತ್ತಿದ್ದರು. ಆದರೆ ನಡೆದದ್ದು ಬೇರೆ. ಆ ಮೆಟ್ರೋ ಕಂಪನಿಯ ಭಾರತದ ವ್ಯಾಪಾರವನ್ನೇ 2023ರಲ್ಲಿ ರಿಲಯನ್ಸ್ 2,850 ಕೋಟಿ ರೂಪಾಯಿಗೆ ಕೊಂಡಿತು. ನಮ್ಮ ಊರಿನ ಶೆಟ್ಟರ ಅಂಗಡಿ ಇವತ್ತೂ ಬೆಳಿಗ್ಗೆ ಆರಕ್ಕೇ ಬಾಗಿಲು ತೆರೆಯುತ್ತದೆ, ಕಟ್ಟೆಯ ಮೇಲೆ ಈಗ ಫೋನಿನಲ್ಲಿ ಹಣ ಕಟ್ಟುವ ಚೌಕದ ಗುರುತೂ ಇದೆ.

ಮೇಷ್ಟರ ಲೆಕ್ಕ

ಒಂದು ವಾರದ ನಂತರ ಹುಡುಗ ಬಂದ. ಇಷ್ಟೆಲ್ಲ ಹೇಳಿದ ಮೇಲೆ ಹಲಗೆ ಬಳಪ ತೆಗೆದುಕೊಂಡು ಲೆಕ್ಕ ಹಾಕಿಸಿದೆವು. ದಿನಸಿ ವ್ಯಾಪಾರದಲ್ಲಿ ಉಳಿಯುವುದು ಬಹಳ ಕಡಿಮೆ. ಎಲ್ಲ ಖರ್ಚು ಕಳೆದು ನೂರು ರೂಪಾಯಿ ಮಾರಾಟಕ್ಕೆ 2 ರೂಪಾಯಿ ಉಳಿಯುತ್ತದೆ ಎಂದಿಟ್ಟುಕೊಳ್ಳೋಣ. ಅಂಗಡಿಯಲ್ಲಿ 5 ಲಕ್ಷದ ಸರಕು ಇದೆ. ಅದು ಎರಡು ತಿಂಗಳಿಗೆ ಒಮ್ಮೆ ಖಾಲಿಯಾದರೆ ವರ್ಷಕ್ಕೆ ಆರು ಸಲ, ಅಂದರೆ 30 ಲಕ್ಷ ಮಾರಾಟ, ಉಳಿಕೆ 60 ಸಾವಿರ. ಅದೇ ಸರಕು ಹದಿನೈದು ದಿನಕ್ಕೆ ಒಮ್ಮೆ ಖಾಲಿಯಾದರೆ ವರ್ಷಕ್ಕೆ 24 ಸಲ, 1 ಕೋಟಿ 20 ಲಕ್ಷ ಮಾರಾಟ, ಉಳಿಕೆ 2 ಲಕ್ಷ 40 ಸಾವಿರ. ರ‍್ಯಾಕು ಒಂದೇ, ಸರಕು ಒಂದೇ, ತಿರುಗುವ ವೇಗ ಮಾತ್ರ ಬೇರೆ.

ಇನ್ನೊಂದು ಲೆಕ್ಕ. ನೂರು ರೂಪಾಯಿಯ ಒಂದು ಡಬ್ಬ ಅವಧಿ ಮುಗಿದು ಹಾಳಾಯಿತು, ಅಥವಾ ಯಾರೋ ಎತ್ತಿಕೊಂಡು ಹೋದರು. ಆ ನೂರು ರೂಪಾಯಿ ಮತ್ತೆ ಕೈಗೆ ಬರಬೇಕಾದರೆ ಎಷ್ಟು ಮಾರಬೇಕು? ಹುಡುಗ ಬಾಯಲ್ಲೇ ಲೆಕ್ಕ ಹಾಕಿ "ಐದು ಸಾವಿರ ಸಾರ್" ಎಂದ. ಹೇಳಿದವನೇ ನಕ್ಷೆಯ ಕಡೆ ನೋಡಿದ. ಅಡವಿನ ಸಾಲದ ಬಡ್ಡಿಯನ್ನು ಅವನೇ ಪಕ್ಕದಲ್ಲಿ ಬರೆದುಕೊಂಡ, ನಾವು ಹೇಳಬೇಕಾಗಲಿಲ್ಲ.

ನಮ್ಮ ಬೇರಿಕೆಯಲ್ಲಿ ಏನಿದೆ?

ಹಾಗಾದರೆ ಬೇಡವೇ ಬೇಡ ಎಂದೆವಾ? ಇಲ್ಲ. ನಮ್ಮ ಊರಿನಲ್ಲಿ ರಾಕ್‌ಫೆಲ್ಲರರಿಗೆ ಸಿಗದ ಒಂದು ವಸ್ತು ಇದೆ. ಹಿಂದಿನ ದಾರಿ ಮನೆಯ ಬಾಗಿಲಿಗೇ ಬಂದಿದೆ. ಬೇರಿಕೆ, ಬಾಗಲೂರು ಕಡೆ ಕೋಸು, ಟೊಮೇಟೊ, ದಪ್ಪ ಮೆಣಸಿನಕಾಯಿ, ಹೂವು. ಶೂಲಗಿರಿಯಲ್ಲಿ ಕೊತ್ತಂಬರಿ ಸೊಪ್ಪಿನ ದೊಡ್ಡ ವ್ಯಾಪಾರ. ರಾಯಕೋಟೆಯಲ್ಲಿ ಟೊಮೇಟೊ ಮಂಡಿ. ಬೆಂಗಳೂರಿನ ಅಂಗಡಿಗಳು ಇಲ್ಲಿಂದಲೇ ತರಿಸಿಕೊಳ್ಳುತ್ತವೆ. ನಮ್ಮಲ್ಲಿ ಬೆಳೆದ ಸೊಪ್ಪು ಬೆಂಗಳೂರಿಗೆ ಹೋಗಿ ಪ್ಲಾಸ್ಟಿಕ್ ಹೊದಿಕೆಯೊಳಗೆ ಕೂತು ಎರಡರಷ್ಟು ಬೆಲೆಗೆ ಮಾರುವುದನ್ನು ನಾವೇ ನೋಡಿದ್ದೇವೆ. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದ ಮೇಲೆ ಗಡಿಯ ವಾಣಿಜ್ಯ ತೆರಿಗೆ ಚೆಕ್‌ಪೋಸ್ಟುಗಳೂ ಹೋದವು. ಮಾಲೂರಿನ ಕಡೆಯಿಂದ ಸರಕು ತರುವುದು ಈಗ ಮೊದಲಿನಷ್ಟು ತಲೆನೋವಲ್ಲ.

ಇನ್ನೊಂದು ವಿಷಯ ನಮ್ಮ ಮನಸ್ಸಿಗೆ ಬಹಳ ಹತ್ತಿರದ್ದು. ಆಹಾರದ ಪೊಟ್ಟಣದ ಮೇಲಿನ ವಿವರ ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇದ್ದರೆ ಸಾಕು ಎನ್ನುತ್ತದೆ ನಿಯಮ. ಕನ್ನಡ, ತಮಿಳು, ತೆಲುಗು ಇರಲೇಬೇಕು ಎಂದಿಲ್ಲ. ನಮ್ಮ ಮಕ್ಕಳ ತಾಯಂದಿರಲ್ಲಿ ಅನೇಕರು ಕನ್ನಡವನ್ನೋ ತೆಲುಗನ್ನೋ ಮಾತ್ರ ಬಲ್ಲವರು. ಶೆಟ್ಟರ ಅಂಗಡಿಯಲ್ಲಿ "ಇದು ಹಳೇದಮ್ಮ, ಬೇಡ, ನಾಳೆ ಹೊಸದು ಬರುತ್ತೆ" ಎಂದು ಬಾಯಿಮಾತು ಕೇಳುತ್ತಿತ್ತು. ಸೂಪರ್ ಮಾರ್ಕೆಟ್ಟಿನಲ್ಲಿ ರ‍್ಯಾಕು ಮಾತಾಡುವುದಿಲ್ಲ! ನಮ್ಮ ಶಾಲೆಯ ಐದನೇ ತರಗತಿಯ ಒಬ್ಬ ಹುಡುಗಿ ಅಂಗಡಿಯಲ್ಲಿ ಅಮ್ಮನಿಗೆ ಪೊಟ್ಟಣದ ಮೇಲಿನ ತಾರೀಖು ಓದಿ ಹೇಳಿ, ಅವಧಿ ಮುಗಿದದ್ದನ್ನು ವಾಪಸು ಇಡಿಸಿದಳಂತೆ. ಅಂಕಿ ಓದಲು ಬರುತ್ತಿದ್ದುದರಿಂದ ಗೊತ್ತಾಯಿತು. ಆ ದಿನ ನಮಗಾದ ಸಂತೋಷ ಅಷ್ಟಿಷ್ಟಲ್ಲ.

ಆದ್ದರಿಂದ ಹುಡುಗನಿಗೆ ನಾವು ಹೇಳಿದ್ದು ಇಷ್ಟು. ಒಂದು, ಭೂಮಿ ಅಡವಿಡಬೇಡ. ಇರುವ ದುಡ್ಡಿನಲ್ಲಿ ಎಷ್ಟಾಗುತ್ತದೋ ಅಷ್ಟರಲ್ಲೇ ಶುರು ಮಾಡು, ಮುತ್ತುಸ್ವಾಮಿಯವರ ಹಾಗೆ ಒಂದೇ ಸರಕನ್ನು ಚೆನ್ನಾಗಿ ಕಲಿ. ಎರಡು, ನಮ್ಮ ರೈತರ ತರಕಾರಿಯನ್ನು ಆ ದಿನವೇ ತೂಗಿ ಆ ದಿನವೇ ಹಣ ಕೊಡು, ಅದೇ ನಿನ್ನ ಬೆಣ್ಣೆ. ಮೂರು, ಸಾಲದ ಪುಸ್ತಕ ಪೂರ್ತಿ ಮುಚ್ಚಬೇಡ, ಆದರೆ ಒಂದು ಮನೆಗೆ ಇಷ್ಟೇ ಎಂದು ಗೆರೆ ಎಳೆ. ರಾಚ್‌ಡೇಲಿನವರು ಸಾಲ ಬೇಡ ಎಂದದ್ದು ವಾರದ ಕೂಲಿ ಬರುವ ಊರಿನಲ್ಲಿ. ನಮ್ಮದು ಬೆಳೆ ಬಂದಾಗ ದುಡ್ಡು ಬರುವ ಊರು. ನಾಲ್ಕು, ಪ್ರತಿ ರ‍್ಯಾಕಿನ ಮೇಲೆ ಬೆಲೆಯನ್ನೂ ಸಾಮಾನಿನ ಹೆಸರನ್ನೂ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಬರೆಸು, ಅವಧಿ ಮುಗಿಯುವ ತಾರೀಖನ್ನು ದಪ್ಪ ಅಂಕಿಯಲ್ಲಿ ಹಾಕು.

ಹುಡುಗ ನಕ್ಷೆ ಮಡಚಿ ಜೇಬಿಗೆ ಹಾಕಿಕೊಂಡು ಹೋದ. ಸ್ವಲ್ಪ ಬೇಸರವಾಗಿತ್ತು ಎಂದು ಮುಖ ನೋಡಿದರೇ ತಿಳಿಯುತ್ತಿತ್ತು. ಎರಡು ತಿಂಗಳ ನಂತರ ಬಸ್ ನಿಲ್ದಾಣದ ಹತ್ತಿರ ಒಂದು ಚಿಕ್ಕ ಕೊಠಡಿ ಬಾಡಿಗೆಗೆ ಹಿಡಿದ. ಈಗ ಸೊಪ್ಪು ತರಕಾರಿ, ಮೊಟ್ಟೆ, ಹಾಲು, ಒಂದು ಗೋಡೆಯುದ್ದ ದಿನಸಿ. ಗಾಜಿನ ಬಾಗಿಲು ಇನ್ನೂ ಬಂದಿಲ್ಲ. ಎರಡು ಎಕರೆ ಅಪ್ಪನ ಹೆಸರಿನಲ್ಲೇ ಇದೆ. ಮೂರು ಭಾಷೆಯ ಚೀಟಿಗಳನ್ನು ಬರೆದುಕೊಟ್ಟವರು ನಮ್ಮ ಏಳನೇ ತರಗತಿಯ ಮಕ್ಕಳು. 'ಉದ್ದಿನ ಬೇಳೆ' ಎಂಬಲ್ಲಿ ಒಬ್ಬ ಒತ್ತಕ್ಷರ ಬಿಟ್ಟಿದ್ದ. ತಿದ್ದಿಸಿ ಅಂಟಿಸಿದ್ದೇವೆ.

ಗಡಿನಾಡಿನ ಶಿಕ್ಷಕ ಬಂಧುಗಳಲ್ಲಿ ಒಂದು ವಿನಂತಿ. ನಿಮ್ಮ ಊರಿನ ಅತ್ಯಂತ ಹಳೆಯ ಅಂಗಡಿ ಯಾವುದು, ಯಾರು ಇಟ್ಟರು, ಆಗ ಯಾವ ಅಳತೆ ಇತ್ತು, ಸಾಲ ಹೇಗೆ ತೀರಿಸುತ್ತಿದ್ದರು ಎಂದು ಮಕ್ಕಳಿಂದ ಅಜ್ಜ ಅಜ್ಜಿಯರನ್ನು ಕೇಳಿಸಿ ಬರೆಸಿ. ಪಠ್ಯಪುಸ್ತಕದಲ್ಲಿ ರಾಜರ ಚರಿತ್ರೆ ಇದೆ. ಅಂಗಡಿಯ ಚರಿತ್ರೆ ನಮ್ಮ ಮಕ್ಕಳೇ ಬರೆಯಬೇಕು. ಅದರ ಜೊತೆಗೆ ಒಂದು ಪೊಟ್ಟಣ ತಂದು ತೂಕ, ಬೆಲೆ, ತಾರೀಖು ಓದುವುದನ್ನು ಕಲಿಸಿ. ಆ ವಿದ್ಯೆ ಅದೇ ದಿನ ಸಾಯಂಕಾಲ ಅವರ ಮನೆಯ ಅಡುಗೆಮನೆಗೆ ತಲುಪುತ್ತದೆ.